ಬಿಟ್ಟುಹೋದ ಸಾಲು

ಆ ಸಾಲನ್ನು ಓದಿದ್ದೇನೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಹೋದ ವಾರ ಓದಿದ್ದ, ನಿನ್ನೆ ಮತ್ತೆ ಓದಿದ್ದ, ಇವತ್ತು ಬೆಳಿಗ್ಗೆ ಬಂದು ಕೂತವನೇ ಒಂದು ಗುಟುಕು ಬಿಸಿನೀರು ಕುಡಿದು ಮೂರನೆಯ ಸಲವೂ ಓದಿದ್ದ. ಆದರೂ ಗಾಜಿನ ಆಚೆ ಕೂತಿದ್ದ ಕಿವಿಯಮ್ಮ ತಲೆ ಅಲ್ಲಾಡಿಸುತ್ತಿದ್ದರು. ಆಕೆಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಆ ಸಂಸ್ಥೆಯಲ್ಲಿ ಮೂವತ್ತು ವರ್ಷದಿಂದ ತಪ್ಪು ಹಿಡಿಯುವುದೇ ಆಕೆಯ ಕೆಲಸ. ಮೊದಲೇ ಸಿದ್ಧವಾದ ಬ್ರೈಲ್ ಪ್ರತಿಯ ಮೇಲೆ ಬೆರಳು ಓಡಿಸುತ್ತ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆಂದರೆ, ಓದುವವನು ಒಂದು ಅಕ್ಷರ ನುಂಗಿದರೂ ಬಿಡುವವರಲ್ಲ. ಕಿವಿಯಮ್ಮ ಎಂದು ಹೆಸರಿಟ್ಟವನು ಅವನೇ. ಅದು ಹೇಗೋ ಆಕೆಯ ಕಿವಿಗೂ ಬಿದ್ದಿತ್ತು. ನಾಲ್ಕು ದಿನ ಮುಖ ಗಂಟುಹಾಕಿಕೊಂಡಿದ್ದು, ಐದನೆಯ ದಿನದಿಂದ ಫೋನ್ ಎತ್ತಿದಾಗಲೂ ಆಕೆ ಅದೇ ಹೆಸರು ಹೇಳತೊಡಗಿದ್ದರು.

"ಮತ್ತೆ ಬಿಟ್ರಿ," ಎಂದರು ಕಿವಿಯಮ್ಮ.

"ಇಲ್ಲ, ಓದ್ದೆ."

"ನನ್ನ ಬೆರಳು ಇನ್ನೂ ಆ ಸಾಲಿನ ಮೇಲೇ ನಿಂತಿದೆ. ನಿಮ್ಮ ದನಿ ಮುಂದಿನ ಸಾಲಿಗೆ ಹೋಗಿ ಆಯ್ತು."

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು. ಹತ್ತೊಂಬತ್ತು ವರ್ಷದಿಂದ ಅವನು ಈ ಸಣ್ಣ ಕೋಣೆಯಲ್ಲಿ ಕೂತು ಓದುತ್ತ ಬಂದಿದ್ದಾನೆ: ಕಾನೂನು ಓದಿದ್ದಾನೆ, ಜೇನು ಸಾಕುವುದನ್ನು ಓದಿದ್ದಾನೆ, ಮೂತ್ರಪಿಂಡದ ರೋಗಗಳ ಬಗ್ಗೆ ಎಂಟುನೂರು ಪುಟ ಓದಿದ್ದಾನೆ. ಗೋಡೆಯ ಮೇಲೆ, ಸದ್ದು ಹೀರುವ ಕಂದು ಹಲಗೆಗಳ ನಡುವೆ, ಸಂಸ್ಥೆ ಶುರುಮಾಡಿದವರು ತಾವೇ ಟೈಪು ಮಾಡಿ ಅಂಟಿಸಿದ್ದ ಕಾಗದ ಹಳದಿಯಾಗಿ ಕೂತಿದೆ. ಸೇರಿಸಬೇಡಿ. ಬಿಡಬೇಡಿ. ಅಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಓದಬೇಕು, ಅಳುವುದು ಕೇಳುವವರ ಹಕ್ಕು, ಅದನ್ನು ನಾವು ಕಸಿದುಕೊಳ್ಳಬಾರದು ಎಂದು ಕಿವಿಯಮ್ಮ ಹೊಸಬರಿಗೆಲ್ಲ ಪಾಠ ಹೇಳುವಾಗ ಅವನನ್ನೇ ಉದಾಹರಣೆಯಾಗಿ ತೋರಿಸುತ್ತಿದ್ದರು. ಇಂಥವನು ಒಂದು ಸಾಲು ಬಿಟ್ಟ ಎಂದರೆ ಕಣ್ಣು ತಪ್ಪಿತು ಎನ್ನಬಹುದು. ಅದೇ ಸಾಲನ್ನು ಮೂರು ಸಲ ಬಿಟ್ಟ ಎಂದರೆ ಏನೆನ್ನುವುದು?

ಪುಸ್ತಕವೇನೂ ಕಷ್ಟದ್ದಲ್ಲ. ಇನ್ನೂರು ವರ್ಷ ಹಿಂದಿನ ಪರದೇಶದ ಒಂದು ಭಯದ ಕಾದಂಬರಿ, ಅದರ ಅನುವಾದ. ವಿದ್ಯಾರ್ಥಿಯೊಬ್ಬ ಸತ್ತವರ ಅಂಗಾಂಗಗಳನ್ನು ಕೂಡಿಸಿ ಒಂದು ಜೀವವನ್ನು ಮಾಡುತ್ತಾನೆ. ಎರಡು ವರ್ಷ ಊಟ ನಿದ್ದೆ ಬಿಟ್ಟು ಮಾಡುತ್ತಾನೆ. ಅದು ಕಣ್ಣು ಬಿಟ್ಟ ಕೂಡಲೇ, ಆ ಕಣ್ಣು ನೋಡಿ, ಅದರ ವಿಕಾರ ನೋಡಿ, ಕಂಬಿ ಕೀಳುತ್ತಾನೆ. ಅಲ್ಲಿಂದ ಮುಂದೆ ಆ ಪ್ರಾಣಿಗೆ ಹೆಸರಿಲ್ಲ, ಮನೆಯಿಲ್ಲ, ಕಂಡವರೆಲ್ಲ ಕಲ್ಲೆಸೆಯುವವರೇ. ಪುಸ್ತಕ ಕೈಗೆ ಬಂದ ದಿನದಿಂದ ಅವನಿಗೆ ಆ ಪ್ರಾಣಿಯ ಮೇಲೆ ಹೇಳತೀರದ ಮರುಕ. ಅದು ಬೇರೆಯವರ ಮನೆಯ ಗೋಡೆಯ ಸಂದಿಯಿಂದ ಒಂದು ಸಂಸಾರವನ್ನು ನೋಡುತ್ತ ಮಾತು ಕಲಿಯುವ ಭಾಗ ಓದಿದಾಗ, ಧ್ವನಿಮುದ್ರಣದ ಯಂತ್ರ ನೋಡಿಕೊಳ್ಳುವ ಸ್ವಿಚ್ಚಣ್ಣ ಕನ್ನಡಕ ತೆಗೆದು ಒರೆಸಿಕೊಂಡಿದ್ದ. ಅವನು ಮಾತ್ರ ನಿಯಮದ ಪ್ರಕಾರ ದನಿ ಒಂದಿಷ್ಟೂ ಕದಲಿಸದೆ ಓದಿ ಮುಗಿಸಿದ್ದ. ಆದರೆ ಮನೆಗೆ ಹೋದ ಮೇಲೆ ತಡೆಯಲಾಗಲಿಲ್ಲ. ಊಟಕ್ಕೆ ಕೂತು ಆ ವಿದ್ಯಾರ್ಥಿಯನ್ನು ಬಾಯಿಗೆ ಬಂದ ಹಾಗೆ ಬೈದ. ಎಂಥ ಮನುಷ್ಯ ಅವನು, ತಾನೇ ಹುಟ್ಟಿಸಿದ್ದನ್ನು ಬಿಟ್ಟು ಓಡಿಹೋಗೋಕೆ ಕಾಲಾದರೂ ಹೇಗೆ ಬಂತು ಎಂದ. ಹೆಂಡತಿ ಅವನ ತಟ್ಟೆಗೆ ಸಾರು ಬಡಿಸುತ್ತ, "ಎಲ್ಲರೂ ನಿಮ್ಮ ಥರ ಇರ್ತಾರಾ? ಹನ್ನೊಂದು ದಿನ ಕದಲದೆ ಕೂತವರು ನೀವು," ಎಂದಿದ್ದಳು. ಅವನು ಅನ್ನ ಕಲೆಸಿಕೊಂಡು ಉಂಡಿದ್ದ. ಅದು ಮೂರು ದಿನದ ಹಿಂದಿನ ಮಾತು.

"ಕೇಳಿಸ್ತೀನಿ, ನೀವೇ ಕೇಳಿ," ಎಂದ ಸ್ವಿಚ್ಚಣ್ಣ. ಅವನ ಮುಖದಲ್ಲಿ ಸಣ್ಣ ನಗುವಿತ್ತು. ದೊಡ್ಡವರು ಎಡವಿದಾಗ ಬರುವ ನಗು. ಇವನು ಹೆಡ್‌ಫೋನ್ ಹಾಕಿಕೊಂಡ. ತನ್ನ ದನಿಯೇ ಬಂತು, ಹದವಾಗಿ, ನಿಧಾನವಾಗಿ. ವಿದ್ಯಾರ್ಥಿಗೆ ಕೆಟ್ಟ ಕನಸು ಬಿದ್ದು ಎಚ್ಚರವಾಯಿತು. ಹಾಸಿಗೆಯ ಪರದೆ ಸರಿಯಿತು. ಆ ಪ್ರಾಣಿ ಅಲ್ಲೇ ನಿಂತು ಅವನನ್ನು ನೋಡುತ್ತಿತ್ತು, ಏನೋ ಗೊಣಗುತ್ತಿತ್ತು. ಅಷ್ಟರಲ್ಲಿ ವಿದ್ಯಾರ್ಥಿ ಮೆಟ್ಟಿಲಿಳಿದು ಓಡುತ್ತಿದ್ದ. ಎರಡರ ನಡುವೆ ಅದು ಅವನ ಕಡೆಗೆ ಕೈ ಚಾಚಿತು ಎಂಬ ಸಾಲು ಇರಬೇಕಾಗಿತ್ತು. ಇರಲಿಲ್ಲ. ತಡವರಿಸಿದ್ದರೆ, ಉಸಿರು ತೆಗೆದುಕೊಂಡಿದ್ದರೆ, ಒಂದು ಕೆಮ್ಮು ಬಂದಿದ್ದರೆ ಏನಾದರೂ ಸಮಾಧಾನ ಹೇಳಿಕೊಳ್ಳಬಹುದಿತ್ತು. ಸಾಲು ಇದ್ದೇ ಇಲ್ಲವೇನೋ ಎಂಬಷ್ಟು ನಯವಾಗಿ ದನಿ ದಾಟಿಹೋಗಿತ್ತು. ನಿನ್ನೆಯದನ್ನು ಕೇಳಿಸು ಎಂದ. ನಿನ್ನೆಯದೂ ಹಾಗೇ. ಹೋದ ವಾರದ್ದೂ ಹಾಗೇ. ಆ ಸಾಲನ್ನು ಓದಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ನಾಲಿಗೆ ತಿರುಗಿದ್ದೂ ನೆನಪಿತ್ತು. ಆದರೆ ಕಿವಿಗೆ ಬಿದ್ದ ದನಿ ಯಾರೋ ಬೇರೆಯವನದು, ಸುಳ್ಳು ಹೇಳಿ ಚೆನ್ನಾಗಿ ರೂಢಿಯಿದ್ದವನದು.

ಕಿವಿಯಮ್ಮ ಬಾಗಿಲು ತೆಗೆದುಕೊಂಡು ಒಳಗೆ ಬಂದರು, ಬ್ರೈಲ್ ಪುಸ್ತಕವನ್ನು ಎದೆಗವಚಿಕೊಂಡು. ಅದನ್ನು ಅವನ ಮೇಜಿನ ಮೇಲಿಟ್ಟು, ಅವನ ಕೈ ಎಲ್ಲಿದೆ ಎಂದು ತಡಕಿ, ತೋರುಬೆರಳು ಹಿಡಿದು ಒಂದು ಜಾಗದಲ್ಲಿ ಊರಿದರು. "ಇಲ್ಲಿದೆ ನೋಡಿ. ಇಲ್ಲಿಂದ ಇಲ್ಲೀವರೆಗೆ. ನಿಮಗೆ ಓದೋಕೆ ಬರಲ್ಲ, ಗೊತ್ತು. ಮುಟ್ಟಿ ನೋಡಿ, ಇದೆಯೋ ಇಲ್ಲವೋ." ಬೆರಳ ತುದಿಗೆ ಸಣ್ಣ ಸಣ್ಣ ಉಬ್ಬುಗಳು ಸಿಕ್ಕವು, ಬೆಚ್ಚಗಿದ್ದವು, ಆಕೆಯ ಬೆರಳು ಅಲ್ಲೇ ನಿಂತಿದ್ದ ಬಿಸಿ. ಇದೇ ಬಿಸಿ ಇಪ್ಪತ್ತೆರಡು ವರ್ಷದ ಹಿಂದೆ, ಆಸ್ಪತ್ರೆಯಲ್ಲಿ, ಈ ಬೆರಳಿಗೆ ತಗುಲಿತ್ತು. ಕೈ ಒಳಗಿಡಿ, ಹೆದರಬೇಡಿ ಎಂದಿದ್ದಳು ನರ್ಸ್. ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ ತೊಳೆಸಿದ್ದಳು, ಹಸಿರು ನಿಲುವಂಗಿ ತೊಡಿಸಿ ಹಿಂದಿನಿಂದ ದಾರ ಕಟ್ಟಿದ್ದಳು. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ದುಂಡನೆಯ ಒಂದು ಕಿಂಡಿ. ಅದರೊಳಗೆ ಕೈ ತೂರಿಸಿದಾಗ ಒಳಗಿನ ಗಾಳಿ ಬೆಚ್ಚಗಿತ್ತು. ಏಳು ತಿಂಗಳಿಗೇ ಹುಟ್ಟಿದ್ದ ಮಗಳು ಅಲ್ಲಿ ಮಲಗಿದ್ದಳು. ತೋಳು ಅವನ ಬೆರಳಷ್ಟೂ ದಪ್ಪವಿರಲಿಲ್ಲ. ಚರ್ಮದ ಕೆಳಗೆ ಓಡುವುದೆಲ್ಲ ಕಾಣುತ್ತಿತ್ತು. ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿ ಒಂದು ಪುಟ್ಟ ಹಲಗೆ ಕಟ್ಟಿದ್ದರು. ಆ ಹಲಗೆಯನ್ನೂ ಹೊತ್ತುಕೊಂಡು ಆ ಕೈ ಮೇಲೆದ್ದಿತು. ಐದೂ ಬೆರಳು ಬಿಚ್ಚಿಕೊಂಡವು. ಅವನ ಕೈಯ ಕಡೆಗೇ ಬಂತು.

ಅವನು ಕೈ ಎಳೆದುಕೊಂಡ. ಇಷ್ಟನ್ನು ಅವನು ತನಗೆ ತಾನೇ ಹೇಳಿಕೊಂಡಿದ್ದುಂಟು: ಹೆದರಿದೆ, ವಯಸ್ಸು ಚಿಕ್ಕದು, ಯಾರಿಗಾದರೂ ಹೆದರಿಕೆಯಾಗುತ್ತಿತ್ತು. ಆದರೆ ಅದು ಹೆದರಿಕೆಯಾಗಿರಲಿಲ್ಲ. ಅಸಹ್ಯವಾಗಿತ್ತು. ಹಲ್ಲಿ ಮೈಮೇಲೆ ಬಿದ್ದಾಗ ಆಗುವಂಥ ಅಸಹ್ಯ, ತನ್ನ ಸ್ವಂತ ಮಗಳನ್ನು ಮುಟ್ಟಲು ಹೋಗಿ. ನಿಲುವಂಗಿಯನ್ನೂ ಬಿಚ್ಚದೆ ಮೆಟ್ಟಿಲಿಳಿದು ಓಡಿದ್ದ. ಹಾಗೆಂದು ಆ ಹನ್ನೊಂದು ದಿನ ಅವನು ಆಸ್ಪತ್ರೆಗೆ ಹೋಗುವುದನ್ನೇನೂ ತಪ್ಪಿಸಲಿಲ್ಲ. ಹೆಂಡತಿ ಕೆಳಗಿನ ಅಂತಸ್ತಿನಲ್ಲಿದ್ದಳು. ಹೆರಿಗೆಯಾದ ದಿನವೇ ಜ್ವರ ಏರಿ, ಸೋಂಕು ಎಂದು ಬೇರೆ ಕೋಣೆಗೆ ಹಾಕಿದ್ದರು, ಅವಳು ಮಗುವಿನ ಹತ್ತಿರ ಹೋಗುವ ಹಾಗಿರಲಿಲ್ಲ. ದಿನಾ ಮಧ್ಯಾಹ್ನ ಅವಳ ಪಕ್ಕದಿಂದ ಎದ್ದು, ಮಗೂನ ನೋಡಿ ಬರ್ತೀನಿ ಎಂದು ಹೇಳಿ, ಎರಡನೆಯ ಅಂತಸ್ತಿನ ಮೆಟ್ಟಿಲ ತಿರುವಿನಲ್ಲಿ, ಮರಳು ತುಂಬಿದ ಕೆಂಪು ಬಕೆಟ್ಟುಗಳ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದ. ಗಡಿಯಾರ ನೋಡಿಕೊಂಡು ಮುಕ್ಕಾಲು ಗಂಟೆ. ಇಳಿದು ಬಂದಾಗ ಅವಳು ದಿಂಬಿನಿಂದ ತಲೆ ಎತ್ತುತ್ತಿದ್ದಳು. ಅವಳ ಕಣ್ಣು ನೋಡಿ ಸುಮ್ಮನಿರಲು ಆಗುತ್ತಿರಲಿಲ್ಲ. ಇವತ್ತು ಸೀನಿದಳು ಎಂದ ಒಂದು ದಿನ. ನನ್ನ ಕಿರುಬೆರಳು ಹಿಡ್ಕೊಂಡು ಬಿಡಲೇ ಇಲ್ಲ ಎಂದ ಇನ್ನೊಂದು ದಿನ. ಹಣೆ ನಿನ್ನದೇ, ಹುಬ್ಬು ಗಂಟು ಹಾಕಿದರೆ ನಿಮ್ಮಮ್ಮ ಎಂದ. ನರ್ಸುಗಳೆಲ್ಲ ಕಡ್ಡಿ ಕಡ್ಡಿ ಅಂತ ಕರೀತಾರೆ, ಅಷ್ಟು ಸಣ್ಣ ಇದಾಳಲ್ಲ ಅದಕ್ಕೆ ಎಂದ. ಅವಳು ಜ್ವರದಲ್ಲೇ ನಕ್ಕಿದ್ದಳು. ಹನ್ನೊಂದನೆಯ ದಿನ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅವನು ಬಿಚ್ಚಲಿಲ್ಲ. ಅವಳಿಗೂ ತೋರಿಸಲಿಲ್ಲ. ನೋಡಿದರೆ ತಡೆಯಲಾರಳು ಎಂದು ಎಲ್ಲರೂ ಹೇಳಿದರು, ಎಲ್ಲರಿಗಿಂತ ಮೊದಲು ಹೇಳಿದವನು ಅವನು.

ಆಮೇಲೆ ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮನೆಯಲ್ಲಿ ಇರುವುದು ಇಬ್ಬರೇ, ಮತ್ತು ಕಡ್ಡಿ. ನಮ್ಮ ಕಡ್ಡಿ ಇದ್ದಿದ್ದರೆ ಕಾಲೇಜು ಮುಗಿಸ್ತಿದ್ದಳು, ನಮ್ಮ ಕಡ್ಡಿಗೆ ಈ ಬಣ್ಣ ಒಪ್ಪುತ್ತಿತ್ತು. ಸೀನು ಬಂದಾಗಲೆಲ್ಲ ಹೆಂಡತಿ ಅವನ ಕಡೆ ನೋಡಿ ನಗುತ್ತಾಳೆ. ಅದರ ಅರ್ಥ ಹೊರಗಿನವರಿಗೆ ತಿಳಿಯುವುದಿಲ್ಲ. ಇಬ್ಬರ ನಡುವೆ ಏನಾದರೂ ಮನಸ್ತಾಪ ಬಂದರೆ ಅವಳೇ ಸೋಲುತ್ತಾಳೆ. ಹನ್ನೊಂದು ದಿನ ಕೂತವರಿಗೆ ಎದುರು ಮಾತಾಡೋ ಬಾಯಿ ನನಗಿಲ್ಲ ಎನ್ನುತ್ತಾಳೆ. ಹಾಗೆ ಗೆದ್ದ ಜಗಳಗಳು ಎಷ್ಟೋ. ಗೆದ್ದಾಗ ನಾಚಿಕೆಯಾಗುತ್ತಿತ್ತೇ ಎಂದು ಈಗ ನೆನಪು ಮಾಡಿಕೊಳ್ಳಲು ಹೋದ. ಮೊದಮೊದಲು ಆಗುತ್ತಿತ್ತು. ಆಮೇಲೆ ಅವನೂ ನಂಬಿಬಿಟ್ಟಿದ್ದ.

"ಏನಾಯ್ತು, ಕೈ ಯಾಕೆ ಎಳ್ಕೊಂಡ್ರಿ?" ಎಂದರು ಕಿವಿಯಮ್ಮ.

"ಏನಿಲ್ಲ. ಇನ್ನೊಂದು ಸಲ ಓದ್ತೀನಿ."

ಆಕೆ ಹೊರಗೆ ಹೋದರು. ಕೆಂಪು ದೀಪ ಹತ್ತಿತು. ಈ ಸಲ ಅವನು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡ, ಗೆರೆಯ ಮೇಲೆ ಬೆರಳಿಟ್ಟುಕೊಂಡ, ಶಾಲೆಯಲ್ಲಿ ಓದಲು ಕಲಿಯುವ ಮಕ್ಕಳ ಹಾಗೆ. ಕನಸು, ಪರದೆ, ನೋಟ, ಗೊಣಗು. ಬೆರಳಿಟ್ಟ ಸಾಲಿಗೆ ಬಂದಾಗ ಬಾಯಿ ತೆರೆಯಿತು, ದನಿ ಮಾತ್ರ ಹೊರಡಲಿಲ್ಲ. ಗಾಜಿನ ಆಚೆ ಕಿವಿಯಮ್ಮ ಕಾಯುತ್ತಿದ್ದರು. ಆಕೆಯ ಬೆರಳೂ ಅದೇ ಸಾಲಿನ ಮೇಲೆ ನಿಂತಿತ್ತು. ಕಾಣದ ಕಣ್ಣುಗಳನ್ನು ನೇರ ಅವನ ಕಡೆಗೇ ಇಟ್ಟುಕೊಂಡು ಕೂತಿದ್ದರು. ಅವನು ಹೆಡ್‌ಫೋನ್ ಕಿತ್ತಿಟ್ಟು ಎದ್ದ. ಬಾಗಿಲು ದೂಡಿ, ಸ್ವಿಚ್ಚಣ್ಣನ ಕುರ್ಚಿ ದಾಟಿ, ಮೆಟ್ಟಿಲು ಎರಡೆರಡು ಹಾರಿ ಇಳಿದ. ಮೇಲಿನಿಂದ ಸ್ವಿಚ್ಚಣ್ಣ, "ಚಪ್ಪಲಿ, ನಿಮ್ಮ ಚಪ್ಪಲಿ," ಎಂದು ಕೂಗುತ್ತಿದ್ದ. ಸದ್ದಾಗಬಾರದೆಂದು ಚಪ್ಪಲಿ ಹೊರಗೆ ಬಿಟ್ಟೇ ಕೋಣೆಯೊಳಗೆ ಹೋಗಬೇಕು. ರಸ್ತೆಗೆ ಬಂದು ಕಾಲು ಸುಟ್ಟಾಗ ಅವನಿಗೆ ಗೊತ್ತಾಯಿತು, ತಾನು ಎರಡನೆಯ ಸಲ ಅದೇ ಓಟ ಓಡಿದ್ದೇನೆ ಎಂದು. ಹಿಂದಕ್ಕೆ ಹೋಗಿ ಚಪ್ಪಲಿ ಹಾಕಿಕೊಳ್ಳುವ ಮುಖವಿರಲಿಲ್ಲ. ಬರಿಗಾಲಲ್ಲೇ ನಡೆದ. ಇಸ್ತ್ರಿ ಅಂಗಡಿಯವನು ಕೆಲಸ ನಿಲ್ಲಿಸಿ ಅವನ ಕಾಲು ನೋಡಿದ, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಅವನ ಕಾಲು ನೋಡಿ ಮುಖ ನೋಡಿದರು. ನೆರಳಿದ್ದ ಕಡೆಯೆಲ್ಲ ಜಿಗಿದು ಜಿಗಿದು ಹೋಗುತ್ತಿದ್ದವನನ್ನು ಕುಡಿದಿದ್ದಾನೆ ಎಂದುಕೊಂಡಿರಬೇಕು. ಹೇಳಬಾರದು ಎಂದು ಅವನ ತಲೆ ಲೆಕ್ಕ ಹಾಕುತ್ತಿತ್ತು. ಅವಳು ಮಗುವನ್ನು ನೋಡಿಲ್ಲ. ಅವಳ ಹತ್ತಿರ ಇರುವುದು ಅವನು ಹೇಳಿದ ಕಡ್ಡಿ ಮಾತ್ರ. ಸೀನಿದವಳು, ಬೆರಳು ಹಿಡಿದವಳು, ಹುಬ್ಬು ಗಂಟು ಹಾಕಿದವಳು. ನಿಜ ಹೇಳಿದರೆ ಅವಳ ಮಗಳು ಇವತ್ತು ಮತ್ತೆ ಸಾಯುತ್ತಾಳೆ, ಈ ಸಲ ಇಪ್ಪತ್ತೆರಡು ವರ್ಷದವಳಾಗಿ. ಸುಮ್ಮನಿರುವುದೇ ಕರುಣೆ ಎಂದುಕೊಂಡ. ಕರುಣೆ ಎಂಬ ಮಾತು ಬಂದ ಕೂಡಲೇ ಮೂರು ದಿನದ ಹಿಂದೆ ಅನ್ನ ಕಲೆಸುತ್ತ ತಾನು ಸುರಿಸಿದ ಮರುಕವೆಲ್ಲ ನೆನಪಾಯಿತು.

ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ದೊಡ್ಡಾಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಅವಳದು ಬೆಳಗಿನ ಪಾಳಿ.

"ಇದೇನು ಇಷ್ಟು ಬೇಗ? ಚಪ್ಪಲಿ ಎಲ್ಲಿ?"

"ಆಫೀಸಲ್ಲೇ ಬಿಟ್ಟುಬಂದೆ."

"ಕಾಲು ಹಾಕ್ಕೊಂಡು ಬಂದ್ರಲ್ಲ, ಪುಣ್ಯ. ಕೂತ್ಕೊಳ್ಳಿ, ಒಂದು ವಿಷಯ ಹೇಳ್ತೀನಿ. ಮೊನ್ನೆ ಒಬ್ಬ ಹುಡುಗ ಅಂಗಡಿಗೆ ಬಂದಿದ್ದ, ಹೊಸದಾಗಿ ಅಪ್ಪ ಆದವನು. ಮಗು ಪೆಟ್ಟಿಗೆಯಲ್ಲಿದೆಯಂತೆ. ಚೀಟಿ ಹಿಡ್ಕೊಂಡು ನಿಂತಿದ್ದ, ಒಳಗೆ ಹೋಗೋಕೇ ಆಗ್ತಿಲ್ಲ ಮೇಡಂ ಅಂದ. ನಾನು ಎಲ್ಲರಿಗೂ ಹೇಳೋ ಹಾಗೆ ಹೇಳ್ದೆ. ನಮ್ಮ ಮನೆಯವರು ಹನ್ನೊಂದು ದಿನ ಕೂತಿದ್ರಪ್ಪ, ನೀನು ಸುಮ್ಮನೆ ಕಿರುಬೆರಳು ಕೊಡು, ಅದೇ ಹಿಡ್ಕೊಳತ್ತೆ ಅಂತ. ಇವತ್ತು ಬಂದು ಹೇಳಿ ಹೋದ. ಹಿಡ್ಕೊಂತಂತೆ." ಅವಳ ಕಣ್ಣು ತುಂಬಿದ್ದವು. "ನೋಡಿ, ನಮ್ಮ ಕಡ್ಡಿಯಿಂದ ಎಷ್ಟು ಜನಕ್ಕೆ ಧೈರ್ಯ."

ಅವನು ಬಾಗಿಲ ಬಳಿಯೇ ನಿಂತಿದ್ದ. ಇಲ್ಲೇ ನಿಲ್ಲಿಸಿಬಿಡಬಹುದಿತ್ತು. ಆ ಹುಡುಗನ ಬೆರಳನ್ನು ನಿಜವಾಗಿ ಒಂದು ಮಗು ಹಿಡಿದಿತ್ತು. ತನ್ನ ಸುಳ್ಳು ಎಲ್ಲೋ ಹೋಗಿ ನಿಜವಾಗಿತ್ತು. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೆದರಿದ್ದ ಯಾವನೋ ಹುಡುಗ ಒಳಗೆ ಹೋದನಲ್ಲ ಎಂಬುದೊಂದೇ ಎದೆಗೆ ಬಂದು ಬಡಿಯಿತು.

"ನಾನು ಕೂರಲಿಲ್ಲ," ಎಂದ.

"ಏನು?"

"ಹನ್ನೊಂದು ದಿನ. ನಾನು ಕೂರಲಿಲ್ಲ. ಮೊದಲನೇ ದಿನ ಒಂದು ನಿಮಿಷ ಹೋಗಿದ್ದೆ. ಆಮೇಲೆ ಹೋಗಲೇ ಇಲ್ಲ. ಮೆಟ್ಟಿಲ ಹತ್ರ ಬೆಂಚಿತ್ತು, ಅಲ್ಲಿ ಕೂತಿರ್ತಿದ್ದೆ."

ಅವಳು ಅವನ ಮುಖ ನೋಡಿದಳು. ಇದು ಯಾವುದಾದರೂ ಪುಸ್ತಕದ ಮಾತೋ ಎಂಬಂತೆ ನೋಡಿದಳು. ಮೂಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು.

"ಸೀನಿದ್ದು?"

"ನನಗೆ ಗೊತ್ತಿಲ್ಲ."

"ಬೆರಳು?"

"ಇಲ್ಲ."

"ಕಡ್ಡಿ ಅನ್ನೋ ಹೆಸರು?"

"ನಾನೇ ಹೇಳಿದ್ದು. ಯಾರೂ ಕರೆದಿರಲಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದ. ತಟ್ಟೆ ಎಸೆಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ತಾನು ಅವಳ ಕಾಲು ಹಿಡಿಯಬಹುದು ಎಂದುಕೊಂಡಿದ್ದ. ಹಾಗೆ ಅಂದುಕೊಂಡಿದ್ದೂ ಅವನಿಗೆ ಆ ಕ್ಷಣವೇ ಅಸಹ್ಯವಾಯಿತು. ಅವಳು ಯಾರನ್ನೋ ದಾರಿ ಕೇಳುವವಳ ದನಿಯಲ್ಲಿ ಕೇಳಿದಳು. "ಹಾಗಾದ್ರೆ ಅವಳ ಹತ್ರ ಯಾರಿದ್ರು?"

ಈ ಪ್ರಶ್ನೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ. ತಾನು ಹೋಗಲಿಲ್ಲ ಎಂಬುದನ್ನು ನೂರು ಸಲ ನೆನೆದಿದ್ದ, ಮುಚ್ಚಿದ್ದ, ಕ್ಷಮಿಸಿಕೊಂಡಿದ್ದ. ಆ ಪೆಟ್ಟಿಗೆಯಲ್ಲಿ ಅವಳು ಹನ್ನೊಂದು ದಿನ ಇದ್ದಳು, ಬೆಳಗಾಗುತ್ತಿತ್ತು, ಮಧ್ಯಾಹ್ನವಾಗುತ್ತಿತ್ತು, ಆ ಕೈ ಮೇಲೆದ್ದಾಗಲೆಲ್ಲ ಎದುರಿಗೆ ಏನೂ ಇರುತ್ತಿರಲಿಲ್ಲ ಎಂಬುದು ಈಗ ಮೊದಲ ಸಲ ಅವನಿಗೆ ಕಂಡಿತು.

"ಒಂದು ನಿಮಿಷ ಹೋಗಿದ್ದೆ ಅಂದೆಯಲ್ಲ," ಎಂದಳು. "ಅಷ್ಟು ಹೇಳು. ಏನೂ ಸೇರಿಸಬೇಡ."

ಅವನು ಹೇಳಿದ. ನಿಂತಲ್ಲೇ ನಿಂತು, ದಿನವೂ ಓದುವ ದನಿಯಲ್ಲಿ ಹೇಳಿದ. ಕೈ ತೊಳೆಸಿದ್ದು, ಹಸಿರು ಬಟ್ಟೆ, ದುಂಡನೆಯ ಕಿಂಡಿ, ಒಳಗಿನ ಬಿಸಿ. ಮಣಿಕಟ್ಟಿಗೆ ಕಟ್ಟಿದ್ದ ಹಲಗೆ. ಹೆದರಿಕೆಯಲ್ಲ, ಅಸಹ್ಯ ಎಂಬುದನ್ನೂ ಹೇಳಿದ. ಅದಕ್ಕೂ ಮುಂಚೆ ಹೇಳಬೇಕಾದ ಸಾಲೊಂದು ಬಿಟ್ಟುಹೋಗಿತ್ತು, ಅದಕ್ಕೆ ಹಿಂದಿರುಗಿದ. ಅವಳು ಕಾದಳು. "ನನ್ನ ಕಡೆಗೆ ಕೈ ಚಾಚಿದಳು," ಎಂದ.

ಅವಳು ತಲೆಯಾಡಿಸಿದಳು. ಅದನ್ನು ಎಲ್ಲಿಯೋ ಇಟ್ಟುಕೊಳ್ಳುವವಳ ಹಾಗೆ ಕಣ್ಣು ಮುಚ್ಚಿ ತೆರೆದಳು. ಇಷ್ಟಾದರೂ ನಿಜವಾದದ್ದು ಒಂದು ಅವಳಿಗೆ ಸಿಕ್ಕಿತು ಎಂದು ಅವನಿಗೆ ಅನ್ನಿಸಿತು, ಉಸಿರು ಸ್ವಲ್ಪ ಸಡಿಲವಾಯಿತು.

"ಮುಖ ಹೇಗಿತ್ತು?" ಎಂದಳು.

ಅವನು ಬಾಯಿ ತೆರೆದ. ಹಣೆ ನಿನ್ನದೇ ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಇಪ್ಪತ್ತೆರಡು ವರ್ಷದಿಂದ ಹೇಳಿ ಹೇಳಿ ಸವೆದ ಮಾತು. ಅದನ್ನು ಸರಿಸಿ ಅದರ ಹಿಂದೆ ಹುಡುಕಿದ. ಗಾಜು ಕಂಡಿತು, ಕೊಳವೆಗಳು ಕಂಡವು, ಹಲಗೆ ಹೊತ್ತ ಕೈ ಕಂಡಿತು. ಆ ಕೈಯಿಂದ ಮೇಲಕ್ಕೆ ತೋಳು, ತೋಳಿನಿಂದ ಭುಜ. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಕೈ ಮೇಲೆದ್ದ ಕೂಡಲೇ ಅವನು ತಿರುಗಿದ್ದ. ಆ ಪುಸ್ತಕದ ವಿದ್ಯಾರ್ಥಿಯಾದರೂ ತಾನು ಬಿಟ್ಟು ಓಡಿದ್ದರ ಕಣ್ಣು ನೋಡಿದ್ದ.

"ನಾನು ಮುಖ ನೋಡಲಿಲ್ಲ," ಎಂದ.

ಹೆಂಡತಿ ಎದ್ದು ಕೈ ತೊಳೆದಳು. ಒರೆಸಿಕೊಂಡಳು. ಬಾಗಿಲ ಬಳಿ ಬಂದು ಚಪ್ಪಲಿ ಮೆಟ್ಟಿಕೊಂಡಳು. ಅವನು ದಾರಿ ಬಿಟ್ಟ.

"ಎಲ್ಲಿಗೆ?"

"ಆಸ್ಪತ್ರೆಗೆ. ಹಳೇ ನರ್ಸುಗಳು ಅಂಗಡಿಗೆ ಬರ್ತಿರ್ತಾರೆ, ಕೆಲವರು ಇನ್ನೂ ಇದಾರೆ. ಆಗ ಅಲ್ಲಿದ್ದವರು ಯಾರು ಅಂತ ಕೇಳ್ತೀನಿ."

"ಇಪ್ಪತ್ತೆರಡು ವರ್ಷ ಆಯ್ತಲ್ಲೇ. ಯಾರಿಗೆ ನೆನಪಿರತ್ತೆ? ನಾನೂ ಬರ್ತೀನಿ ಇರು."

"ನೀನು ಬರಬೇಡ," ಎಂದಳು. "ಅವಳನ್ನ ನೋಡಿದವರು ಒಬ್ಬರಾದ್ರೂ ಇರ್ತಾರೆ."

ಅವನು ಬರಿಗಾಲಲ್ಲಿ ಬಾಗಿಲಲ್ಲೇ ನಿಂತು ಅವಳ ಹೆಜ್ಜೆಯ ಸದ್ದು ಕೇಳಿಸಿಕೊಂಡ. ಅವಳು ಓಡಲಿಲ್ಲ. ಕಟಾಂಜನ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.